ರಾಷ್ಟ್ರಹಿತ ಮತ್ತು ‘ಏ’ಕಾರ: ತುರ್ತುಪರಿಸ್ಥಿತಿಯ ಒಂದು ಪುನರಾಲೋಕನ

1974ರ ದೀಪಾವಳಿಯಿಂದ ಒಂದು ವರ್ಷ ಕಾಲ ಭಾರತದಾದ್ಯಂತ ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವ ನಡೆಯಿತು. ಕೇಂದ್ರ ಮತ್ತು ರಾಜ್ಯ ಸರ್ಕಾರಗಳೂ ಅದರಲ್ಲಿ ಭಾಗವಹಿಸಿದವು. ಅದೇ ವರ್ಷದ ಕೊನೆಯಲ್ಲಿ, ವಿನೋಬಾ ಭಾವೆಯವರ ಪ್ರೇರಣೆಯಿಂದ ಜಿನೇಂದ್ರ ವರ್ಣಿಯವರು ಸಂಕಲಿಸಿದ ‘ಸಮಣಸುತ್ತಂ’ ಗ್ರಂಥವನ್ನು ಜೈನರ ಎಲ್ಲ ಪಂಥಗಳ ಮುನಿಗಳೂ ವಿದ್ವಾಂಸರೂ ದೆಹಲಿಯಲ್ಲಿ ಸೇರಿ ಒಪ್ಪಿದರು. 756 ಗಾಹೆಗಳ ಆ ಸಂಕಲನದ ಕೊನೆಯ ಭಾಗಕ್ಕೆ ವಿಷಯವಾಗಿದ್ದುದು ಅನೇಕಾಂತ, ನಯ ಮತ್ತು ಸ್ಯಾದ್ವಾದ. ಪರಸ್ಪರ ಭಿನ್ನವಾದ ಆಮ್ನಾಯಗಳು ಒಂದು ಗ್ರಂಥಕ್ಕೆ ಒಪ್ಪಿಗೆ ನೀಡಿದ್ದು ಜೈನ ಇತಿಹಾಸದಲ್ಲಿ ಅಪರೂಪದ ಘಟನೆ. ಆದರೆ ಆ ಮಹೋತ್ಸವ ವರ್ಷ ಮುಗಿಯುವ ಮೊದಲೇ, 1975ರ ಜೂನ್ 25ರ ರಾತ್ರಿ, ದೇಶದಲ್ಲಿ ಆಂತರಿಕ ತುರ್ತುಪರಿಸ್ಥಿತಿ ಘೋಷಿತವಾಯಿತು. ಅನೇಕಾಂತವನ್ನು ವೇದಿಕೆಗಳಲ್ಲಿ ಕೊಂಡಾಡಿದ ವರ್ಷವೇ ಭಿನ್ನಮತವು ಅಪರಾಧವಾದ ವರ್ಷವೂ ಆಯಿತು.

ತುರ್ತುಪರಿಸ್ಥಿತಿಯ ಚರಿತ್ರೆಯನ್ನು ಸಾಮಾನ್ಯವಾಗಿ ವ್ಯಕ್ತಿಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಅಧಿಕಾರ ಉಳಿಸಿಕೊಳ್ಳಲು ಹವಣಿಸಿದ ಒಬ್ಬ ಪ್ರಧಾನಿ, ಅವರ ಸುತ್ತ ಒಂದು ಸಣ್ಣ ಕೂಟ, ಎದುರಿಗೆ ವೃದ್ಧ ನಾಯಕರೊಬ್ಬರು ಎಂಬಷ್ಟಕ್ಕೆ ಆ ಕಥನ ನಿಲ್ಲುತ್ತದೆ. ಅದು ಸುಳ್ಳಲ್ಲ, ಆದರೆ ಅಪೂರ್ಣ. ಆ ಇಪ್ಪತ್ತೊಂದು ತಿಂಗಳುಗಳನ್ನು ಸಾಧ್ಯವಾಗಿಸಿದ್ದು ಒಂದು ವಿಚಾರದೋಷವೂ ಹೌದು. ತನ್ನ ಪಕ್ಷದ ಮಾರ್ಗವನ್ನು ರಾಷ್ಟ್ರದ ಹಿತದೊಂದಿಗೆ ಅಭೇದವಾಗಿ ಕಾಣುವ ಆ ದೋಷ ಆಳುವ ಪಕ್ಷದಲ್ಲಿ ಮಾತ್ರ ಇರಲಿಲ್ಲ, 1977ರಲ್ಲಿ ಮುಗಿಯಲೂ ಇಲ್ಲ.

ಈ ದೋಷಕ್ಕೆ ಜೈನ ತರ್ಕಶಾಸ್ತ್ರದಲ್ಲಿ ಹೆಸರಿದೆ. ವಸ್ತುವಿಗೆ ಅನಂತ ಧರ್ಮಗಳಿವೆ. ಅದರ ಒಂದು ಧರ್ಮವನ್ನು ಹಿಡಿದು ನೋಡುವ ದೃಷ್ಟಿ ನಯ. ಉಳಿದ ಧರ್ಮಗಳನ್ನು ಅಲ್ಲಗಳೆದು ತಾನು ಕಂಡದ್ದೇ ಸಮಸ್ತವೆಂದು ಸಾಧಿಸುವ ದೃಷ್ಟಿ ದುರ್ನಯ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಅನ್ಯಯೋಗವ್ಯವಚ್ಛೇದದ್ವಾತ್ರಿಂಶಿಕೆ’ಯಲ್ಲಿ ಈ ಭೇದವನ್ನು ಮೂರು ನುಡಿಗಳಾಗಿ ವಿಂಗಡಿಸುತ್ತಾರೆ. ‘ಇದೆಯೇ ಇದೆ’ ಎಂಬ ಅವಧಾರಣೆ ದುರ್ನಯ. ‘ಇದೆ’ ಎಂಬ ಸರಳ ಹೇಳಿಕೆ ನಯ. ‘ಒಂದು ಅಪೇಕ್ಷೆಯಿಂದ ಇದೆ’ ಎಂಬುದು ಪ್ರಮಾಣ. ಸಂಸ್ಕೃತದಲ್ಲಿ ‘ಏವ’ ಮಾಡುವ ಕೆಲಸವನ್ನು ಕನ್ನಡದಲ್ಲಿ ‘ಏ’ ಎಂಬ ಒಂದೇ ಸ್ವರ ಮಾಡುತ್ತದೆ. ವ್ಯಾಕರಣಕಾರರು ಇದನ್ನು ಅವಧಾರಣಾರ್ಥಕವೆನ್ನುತ್ತಾರೆ, ‘ಊ’ಕಾರವನ್ನು ಸಮುಚ್ಚಯಾರ್ಥಕವೆನ್ನುತ್ತಾರೆ. ‘ನಮ್ಮದೂ ರಾಷ್ಟ್ರಹಿತ’ ಎಂಬ ಮಾತಿಗೂ ‘ನಮ್ಮದೇ ರಾಷ್ಟ್ರಹಿತ’ ಎಂಬ ಮಾತಿಗೂ ಇರುವ ಅಂತರ ಒಂದು ಸ್ವರದ್ದು. ಮೊದಲನೆಯದರಲ್ಲಿ ಎದುರಾಳಿಗೆ ರಾಷ್ಟ್ರದೊಳಗೆ ಸ್ಥಾನವಿದೆ. ಎರಡನೆಯದರಲ್ಲಿ ಆತ ರಾಷ್ಟ್ರದ ಹೊರಗಿನವನಾಗುತ್ತಾನೆ.

ತನ್ನ ಸಿದ್ಧಾಂತ ದೇಶಕ್ಕೆ ಒಳಿತೆಂದು ನಂಬುವುದು ದೋಷವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹಾಗೆ ನಂಬದವನು ರಾಜಕಾರಣಕ್ಕೆ ಬರುವ ಕಾರಣವೇ ಇಲ್ಲ. ನಯಕ್ಕೆ ತತ್ತ್ವವಿಚಾರದಲ್ಲಿ ಸ್ಥಾನವಿರುವಂತೆಯೇ ಪಕ್ಷಕ್ಕೆ ಪ್ರಜಾಪ್ರಭುತ್ವದಲ್ಲಿ ಸ್ಥಾನವಿದೆ. ನಂಬಿಕೆಯು ಅವಧಾರಣೆಯಾಗುವ ಹಂತವೇ ಇಲ್ಲಿ ವಿಚಾರಣೀಯ.

1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ರಾಯ್‌ಬರೇಲಿಯಿಂದ 1971ರಲ್ಲಿ ನಡೆದಿದ್ದ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದುಗೊಳಿಸಿದರು. ಪರಾಜಿತ ಅಭ್ಯರ್ಥಿ ರಾಜನಾರಾಯಣ್ ಹೂಡಿದ್ದ ಮೊಕದ್ದಮೆಯಲ್ಲಿ ಸಾಬೀತಾದುದು ಸರ್ಕಾರಿ ನೌಕರರೊಬ್ಬರನ್ನು ಚುನಾವಣಾ ಕೆಲಸಕ್ಕೆ ಬಳಸಿದ್ದು ಮತ್ತು ಭಾಷಣದ ವೇದಿಕೆಗಳಿಗೆ ಅಧಿಕಾರಿಗಳ ನೆರವು ಪಡೆದದ್ದು. ಇದು ಒಬ್ಬ ಅಭ್ಯರ್ಥಿಗೂ ಒಂದು ಕಾನೂನಿಗೂ ಸಂಬಂಧಿಸಿದ ವ್ಯವಹಾರ. ಜೂನ್ 24ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಷರತ್ತಿನ ತಡೆಯಾಜ್ಞೆ ಕೊಟ್ಟರು. ಪ್ರಧಾನಿ ಹುದ್ದೆಯಲ್ಲಿ ಮುಂದುವರಿಯಬಹುದು, ಲೋಕಸಭೆಯಲ್ಲಿ ಮತ ಹಾಕುವಂತಿಲ್ಲ ಎಂಬುದು ಅದರ ಸಾರ. ಮಾರನೆಯ ರಾತ್ರಿಯೇ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ಅವರು 352ನೆಯ ವಿಧಿಯ ಘೋಷಣೆಗೆ ಸಹಿ ಮಾಡಿದರು.

ಜೂನ್ 26ರ ಬೆಳಿಗ್ಗೆ ಆಕಾಶವಾಣಿಯಲ್ಲಿ ಪ್ರಧಾನಿಯವರು ಮಾಡಿದ ಭಾಷಣದಲ್ಲಿ ಈ ಮೊಕದ್ದಮೆ ಪ್ರಧಾನ ವಿಷಯವಾಗಲಿಲ್ಲ. ಸಾಮಾನ್ಯ ಜನರಿಗಾಗಿ ತಾವು ಪ್ರಗತಿಪರ ಕ್ರಮಗಳನ್ನು ಕೈಗೊಂಡಂದಿನಿಂದ ಆಳವಾದ, ವ್ಯಾಪಕವಾದ ಪಿತೂರಿಯೊಂದು ನಡೆದಿದೆ ಎಂಬುದೇ ಆ ಭಾಷಣದ ಮುಖ್ಯ ವಾದ. ಈ ವಾದದ ಸೋಪಾನಗಳನ್ನು ಬಿಡಿಸಿ ನೋಡಿದರೆ ದುರ್ನಯದ ರಚನೆ ಸ್ಪಷ್ಟವಾಗುತ್ತದೆ. ಪ್ರಗತಿಪರ ಕ್ರಮಗಳು ದೇಶಕ್ಕೆ ಹಿತ. ಆ ಕ್ರಮಗಳನ್ನು ತರಬಲ್ಲದ್ದು ತಮ್ಮ ಪಕ್ಷವೇ. ಆ ಪಕ್ಷವನ್ನು ನಡೆಸಬಲ್ಲವರು ತಾವೇ. ಆದುದರಿಂದ ತಮ್ಮನ್ನು ವಿರೋಧಿಸುವುದು ದೇಶವನ್ನು ವಿರೋಧಿಸುವುದೇ. ಮೊದಲ ವಾಕ್ಯ ಚರ್ಚಾರ್ಹವಾದ ಒಂದು ನಯ. ಅನಂತರದ ಪ್ರತಿ ವಾಕ್ಯಕ್ಕೂ ಒಂದೊಂದು ‘ಏ’ಕಾರ ಸೇರುತ್ತ ಹೋಗಿದೆ. ಆ ಸರಣಿಯ ಕೊನೆಯ ಪದವನ್ನು ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ ‘ಇಂದಿರಾ ಎಂದರೆ ಇಂಡಿಯಾ, ಇಂಡಿಯಾ ಎಂದರೆ ಇಂದಿರಾ’ ಎಂಬ ಘೋಷಣೆಯಾಗಿ ರೂಪಿಸಿದರು.

ಇದು ಭಾರತೀಯ ರಾಜನೀತಿ ಪರಂಪರೆಗೆ ಸಹಜವಾದ ಮಾತಲ್ಲ. ಆ ಪರಂಪರೆ ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಏಳು ಅಂಗಗಳನ್ನು ಹೇಳುತ್ತದೆ. ಸ್ವಾಮಿ ಅವುಗಳಲ್ಲಿ ಮೊದಲನೆಯವನು. ಆದರೆ ಏಳರಲ್ಲಿ ಒಬ್ಬ. ಹತ್ತನೆಯ ಶತಮಾನದಲ್ಲಿ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿದ್ದ ಸೋಮದೇವಸೂರಿ ತನ್ನ ‘ನೀತಿವಾಕ್ಯಾಮೃತ’ವನ್ನು ಆರಂಭಿಸುವಾಗ ನಮಸ್ಕರಿಸುವುದು ಧರ್ಮ, ಅರ್ಥ, ಕಾಮಗಳನ್ನು ಫಲವಾಗಿ ಕೊಡುವ ರಾಜ್ಯಕ್ಕೆ, ರಾಜನಿಗಲ್ಲ. ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ವಂಶದ ನೆರಳಿನಲ್ಲಿಯೇ ಬಾಳಿದ ವಿದ್ವಾಂಸನೊಬ್ಬ ಒಡೆಯನಿಗೂ ರಾಜ್ಯಕ್ಕೂ ಇರುವ ಭೇದವನ್ನು ಮೊದಲ ವಾಕ್ಯದಲ್ಲಿಯೇ ಕಾಯ್ದುಕೊಂಡನೆಂಬುದು ಸಣ್ಣ ಸಂಗತಿಯಲ್ಲ.

ತುರ್ತುಪರಿಸ್ಥಿತಿಯಲ್ಲಿ ಈ ಸಮೀಕರಣ ಘೋಷಣೆಯಾಗಿ ಉಳಿಯದೆ ಶಾಸನವಾಯಿತು. 38ನೆಯ ತಿದ್ದುಪಡಿ ತುರ್ತುಪರಿಸ್ಥಿತಿಯ ಘೋಷಣೆಯನ್ನು ನ್ಯಾಯಾಲಯಗಳ ವಿಮರ್ಶೆಯಿಂದ ಹೊರಗಿಟ್ಟಿತು. 1975ರ ಆಗಸ್ಟ್‌ನಲ್ಲಿ ಬಂದ 39ನೆಯ ತಿದ್ದುಪಡಿ ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ತೆಗೆಯಿತು; ಅದರ ಮುಖ್ಯ ಖಂಡವೊಂದನ್ನು ಸರ್ವೋಚ್ಚ ನ್ಯಾಯಾಲಯ ಅದೇ ನವೆಂಬರ್‌ನಲ್ಲಿ ಅಸಿಂಧುಗೊಳಿಸಿತಾದರೂ ಇಂದಿರಾ ಗಾಂಧಿಯವರ ಆಯ್ಕೆಯನ್ನು ಎತ್ತಿಹಿಡಿಯಿತು. ಜುಲೈ 4ರಂದು ರಾಷ್ಟ್ರೀಯ ಸ್ವಯಂಸೇವಕ ಸಂಘ, ಜಮಾತೆ ಇಸ್ಲಾಮಿ, ಆನಂದ ಮಾರ್ಗ, ನಕ್ಸಲೀಯ ಗುಂಪುಗಳೂ ಸೇರಿ 26 ಸಂಘಟನೆಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಲಾಯಿತು. ಪರಸ್ಪರರನ್ನು ರಾಷ್ಟ್ರಕ್ಕೆ ಅಪಾಯಕಾರಿಗಳೆಂದು ಭಾವಿಸಿದ್ದವರು ಒಂದೇ ಪಟ್ಟಿಯಲ್ಲಿ ಸೇರಿದರು. ಅನಂತರ ನೇಮಕಗೊಂಡ ಶಾ ಆಯೋಗದ ಲೆಕ್ಕದಂತೆ ಮೀಸಾ ಕಾಯ್ದೆಯಡಿ 34,988 ಮಂದಿಯನ್ನು ವಿಚಾರಣೆಯಿಲ್ಲದೆ ಸ್ಥಾನಬದ್ಧತೆಯಲ್ಲಿಡಲಾಗಿತ್ತು. ದೇಶರಕ್ಷಣಾ ನಿಯಮಗಳಡಿ ಬಂಧಿತರಾದವರು 75,818 ಮಂದಿ.

ಈ ಶಾಸನಗಳಲ್ಲಿ ಸಾಹಿತ್ಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು 42ನೆಯ ತಿದ್ದುಪಡಿ. ಅದು ಸಂವಿಧಾನಕ್ಕೆ ‘31 ಡಿ’ ಎಂಬ ಹೊಸ ವಿಧಿಯನ್ನು ಸೇರಿಸಿ, ‘ರಾಷ್ಟ್ರವಿರೋಧಿ ಚಟುವಟಿಕೆ’ ಎಂಬ ಪದವನ್ನು ಸಂವಿಧಾನದೊಳಕ್ಕೆ ತಂದಿತು. ಅಂಥ ಚಟುವಟಿಕೆಗಳನ್ನು ತಡೆಯುವ ಕಾನೂನುಗಳನ್ನು ಸಮಾನತೆಯ ಅಥವಾ ವಾಕ್ ಸ್ವಾತಂತ್ರ್ಯದ ಹಕ್ಕಿನ ಆಧಾರದಲ್ಲಿ ಪ್ರಶ್ನಿಸುವಂತಿರಲಿಲ್ಲ. ದೇಶದಿಂದ ಪ್ರತ್ಯೇಕಗೊಳ್ಳುವ ಯತ್ನ, ಬಲಪ್ರಯೋಗದಿಂದ ಸರ್ಕಾರವನ್ನು ಉರುಳಿಸುವ ಯತ್ನ ಇವುಗಳ ಜೊತೆಗೆ ಆಂತರಿಕ ಕ್ಷೋಭೆ ಉಂಟುಮಾಡುವುದು, ಸಾರ್ವಜನಿಕ ಸೇವೆಗಳಿಗೆ ಅಡ್ಡಿಪಡಿಸುವುದು ಎಂಬಿವೂ ಅದರ ನಿರೂಪಣೆಯಲ್ಲಿ ಸೇರಿದವು. 1974ರ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ನೇತೃತ್ವದಲ್ಲಿ ನಡೆದ ರೈಲ್ವೆ ಮುಷ್ಕರವನ್ನು ನೆನೆದರೆ ಈ ನಿರೂಪಣೆಯ ವ್ಯಾಪ್ತಿ ತಿಳಿಯುತ್ತದೆ. ಕೂಲಿಗಾಗಿ ಮಾಡಿದ ಮುಷ್ಕರವೂ ದೇಶ ಒಡೆಯುವ ಸಂಚೂ ಒಂದೇ ಪದದಡಿ ಬರಬಹುದಾಗಿತ್ತು. ವಾಚ್ಯಾರ್ಥವನ್ನು ಹೀಗೆ ಹಿಗ್ಗಿಸಿದಾಗ ಪದವನ್ನು ಬಳಸುವ ಅಧಿಕಾರ ಯಾರ ಕೈಯಲ್ಲಿದೆಯೋ ಅವರ ವಿವಕ್ಷೆಯೇ ಅದರ ಅರ್ಥವಾಗುತ್ತದೆ.

ಎದುರು ಪಕ್ಷದಲ್ಲಿಯೂ ಅವಧಾರಣೆಯ ಭಾಷೆ ಇತ್ತು. 1974ರ ಜೂನ್ 5ರಂದು ಪಟ್ನಾದ ಗಾಂಧಿ ಮೈದಾನದಲ್ಲಿ ಜಯಪ್ರಕಾಶ ನಾರಾಯಣರು ಸಂಪೂರ್ಣ ಕ್ರಾಂತಿಯ ಕರೆ ಕೊಟ್ಟರು. ಭ್ರಷ್ಟಾಚಾರ, ಬೆಲೆಯೇರಿಕೆ, ನಿರುದ್ಯೋಗಗಳ ವಿರುದ್ಧ ಬಿಹಾರದ ವಿದ್ಯಾರ್ಥಿಗಳ ಆಕ್ರೋಶಕ್ಕೆ ನೈಜ ಕಾರಣಗಳಿದ್ದವು. ಆದರೆ 1972ರಲ್ಲಿ ಚುನಾಯಿತವಾಗಿದ್ದ ವಿಧಾನಸಭೆಯನ್ನು ಅವಧಿಗೆ ಮೊದಲೇ ವಿಸರ್ಜಿಸಬೇಕೆಂಬ ಒತ್ತಾಯದ ಹಿಂದೆ, ಬೀದಿಯಲ್ಲಿ ನೆರೆದವರೇ ಜನತೆ ಎಂಬ ಗೃಹೀತವಿತ್ತು. ಮತ ಹಾಕಿ ಮನೆಯಲ್ಲಿದ್ದವರು ಆ ಜನತೆಯ ಲೆಕ್ಕಕ್ಕೆ ಸೇರಿರಲಿಲ್ಲ. ಇನ್ನೊಂದೆಡೆ ಭಾರತ ಕಮ್ಯುನಿಸ್ಟ್ ಪಕ್ಷವು ಈ ಚಳವಳಿಯನ್ನು ಫ್ಯಾಸಿಸಂ ಎಂದು ಗುರುತಿಸಿ ತುರ್ತುಪರಿಸ್ಥಿತಿಯನ್ನು ಬೆಂಬಲಿಸಿತು. ಇತಿಹಾಸದ ಗತಿ ತನಗೆ ತಿಳಿದಿದೆ ಎಂಬ ಆತ್ಮವಿಶ್ವಾಸದಿಂದ ಅದು ತನ್ನ ಕಣ್ಣೆದುರಿನ ಸೆರೆಮನೆಗಳನ್ನು ಕಾಣದಾಯಿತು. ರಾಷ್ಟ್ರ, ಜನತೆ, ಇತಿಹಾಸ ಎಂದು ಪದಗಳು ಬೇರೆ ಬೇರೆ. ಅವುಗಳ ಏಕೈಕ ವಕ್ತಾರರು ತಾವೆಂಬ ನಂಬಿಕೆ ಸಮಾನ.

ಸರ್ವೋದಯ ಬಳಗದ ಒಡಕು ಇನ್ನೂ ಮಾರ್ಮಿಕವಾದುದು. ಗಾಂಧೀಜಿ 1908ರಲ್ಲಿ ರಸ್ಕಿನ್‌ನ ಕೃತಿಯೊಂದರ ಗುಜರಾತಿ ರೂಪಾಂತರಕ್ಕೆ ‘ಸರ್ವೋದಯ’ವೆಂದು ಹೆಸರಿಟ್ಟರು. ಆದರೆ ಆ ಶಬ್ದ ಅದಕ್ಕಿಂತ ಬಹಳ ಹಳೆಯದು. ಸಮಂತಭದ್ರಾಚಾರ್ಯರು ‘ಯುಕ್ತ್ಯನುಶಾಸನ’ದಲ್ಲಿ ಜಿನಶಾಸನವನ್ನು ಸರ್ವೋದಯ ತೀರ್ಥವೆಂದು ಕರೆದಿದ್ದಾರೆ. ಅದನ್ನು ಸರ್ವೋದಯವೆನ್ನಲು ಅವರು ಕೊಡುವ ಕಾರಣ ಗಮನಾರ್ಹ. ಎಲ್ಲ ಧರ್ಮಗಳನ್ನೂ ಗೌಣ–ಮುಖ್ಯ ಭಾವದಿಂದ ಒಳಗೊಳ್ಳುವುದರಿಂದಲೇ ಅದು ಎಲ್ಲರ ಉದಯಕ್ಕೆ ಕಾರಣವಾಗುತ್ತದೆ. ಪರಸ್ಪರ ಅಪೇಕ್ಷೆಯಿಲ್ಲದ ದೃಷ್ಟಿಗಳಲ್ಲಿ ಎಲ್ಲವೂ ಶೂನ್ಯವಾಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಶಬ್ದಕ್ಕೆ ಬದುಕನ್ನು ಮುಡಿಪಿಟ್ಟ ಇಬ್ಬರು ವಿನೋಬಾ ಮತ್ತು ಜಯಪ್ರಕಾಶರು. 1954ರಲ್ಲಿ ಬೋಧಗಯೆಯಲ್ಲಿ ಜೀವನದಾನ ಘೋಷಿಸಿದ್ದ ಜಯಪ್ರಕಾಶರು ಇಪ್ಪತ್ತು ವರ್ಷಗಳ ಅನಂತರ ಚಳವಳಿಗಿಳಿದಾಗ ವಿನೋಬಾ ಒಪ್ಪಲಿಲ್ಲ. 1974ರ ಡಿಸೆಂಬರ್ 25ರಿಂದ ಒಂದು ವರ್ಷ ಮೌನದಲ್ಲಿದ್ದ ಅವರು ತುರ್ತುಪರಿಸ್ಥಿತಿಯ ಸಂದರ್ಭದಲ್ಲಿ ‘ಅನುಶಾಸನ ಪರ್ವ’ವೆಂದು ಸೂಚಿಸಿದ ಮಾತನ್ನು ಸರ್ಕಾರ ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಆಚಾರ್ಯರದು ಅನುಶಾಸನ, ಆಳುವವರದು ಶಾಸನ ಎಂದು ವಿನೋಬಾ ಆಮೇಲೆ ವಿವರಿಸಿದರು. ಆ ವೇಳೆಗೆ ಒಂದು ಪದ ಎರಡು ಅರ್ಥಗಳಾಗಿ ಒಡೆದಿತ್ತು. ಅನೇಕಾಂತದ ಗ್ರಂಥ ಸಂಕಲನಕ್ಕೆ ಪ್ರೇರಕರಾದ ಮಹನೀಯರ ಮಾತೇ ಏಕಾಂತದ ಆಡಳಿತಕ್ಕೆ ಭಿತ್ತಿಪತ್ರವಾದದ್ದು ಆ ಕಾಲದ ದುರಂತಗಳಲ್ಲೊಂದು.

ಇಷ್ಟನ್ನು ಹೇಳಿ, ಎಲ್ಲರಲ್ಲೂ ದೋಷವಿತ್ತು, ಆದುದರಿಂದ ಎಲ್ಲರೂ ಸಮಾನ ಅಪರಾಧಿಗಳೆಂಬ ತೀರ್ಮಾನಕ್ಕೆ ಬಂದರೆ ಅದು ಅನೇಕಾಂತವಾಗುವುದಿಲ್ಲ. ಸ್ಯಾದ್ವಾದವನ್ನು ಸಂಶಯವಾದವೆಂದು ಆಕ್ಷೇಪಿಸಿದವರಿಗೆ ಜೈನಾಚಾರ್ಯರು ಶತಮಾನಗಳಿಂದ ಉತ್ತರ ಕೊಟ್ಟಿದ್ದಾರೆ. ‘ಸ್ಯಾತ್’ ಎಂದರೆ ‘ಇರಬಹುದು’ ಎಂಬ ಅನುಮಾನವಲ್ಲ. ‘ನಿಶ್ಚಿತವಾದ ಒಂದು ಅಪೇಕ್ಷೆಯಿಂದ’ ಎಂಬ ನಿರ್ಣಯ. ಆ ಅಪೇಕ್ಷೆಯಿಂದ ನೋಡಿದಾಗ ದಂಡವನ್ನು ಕೈಯಲ್ಲಿ ಹಿಡಿದವರ ದುರ್ನಯಕ್ಕೂ ದಂಡವಿಲ್ಲದವರ ದುರ್ನಯಕ್ಕೂ ಅಂತರವಿದೆ. ಮೈದಾನದ ಭಾಷಣದಲ್ಲಿ ‘ನಾವೇ ಜನತೆ’ ಎಂದವರಿಗೆ ಎದುರಾಳಿ ಮರುದಿನ ಉತ್ತರ ಕೊಡಬಲ್ಲ. ‘ನಾವೇ ರಾಷ್ಟ್ರ’ ಎಂದು ಸರ್ಕಾರ ಹೇಳಿ ಪತ್ರಿಕೆಗಳಿಗೆ ಪ್ರತಿಬಂಧ ಹಾಕಿದಾಗ ಉತ್ತರಕ್ಕೆ ಸ್ಥಳವೇ ಉಳಿಯುವುದಿಲ್ಲ. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಮೀರಿ ಸಂತಾನಶಕ್ತಿಹರಣ ಶಸ್ತ್ರಚಿಕಿತ್ಸೆಗಳು ನಡೆದದ್ದು, ಬಲವಂತದ ದೂರುಗಳು ವರದಿಯಾಗದೆ ಹೋದದ್ದು ಈ ಉತ್ತರಶೂನ್ಯತೆಯ ಫಲ.

ಚಂಡೀಗಢದಲ್ಲಿ ಬಂಧನದಲ್ಲಿದ್ದ ಜಯಪ್ರಕಾಶರು 1975ರ ಜುಲೈ 21ರಂದು ಪ್ರಧಾನಿಗೆ ಬರೆದ ಪತ್ರದಲ್ಲಿ ಈ ವಿಚಾರದೋಷದ ಮೂಲಕ್ಕೇ ಬೆರಳಿಟ್ಟರು. ತಮ್ಮನ್ನು ರಾಷ್ಟ್ರದೊಡನೆ ಒಂದಾಗಿಸಿಕೊಳ್ಳಬಾರದೆಂದೂ, ಅಮರವಾದುದು ಭಾರತವೇ ಹೊರತು ಪ್ರಧಾನಿಯಲ್ಲವೆಂದೂ ಅವರು ಬರೆದರು. ಪ್ರಧಾನಿಯವರ ತಾಯಿ ಕಮಲಾ ಮತ್ತು ಜಯಪ್ರಕಾಶರ ಪತ್ನಿ ಪ್ರಭಾವತಿ ಆಪ್ತರಾಗಿದ್ದವರು. ಮನೆಯ ಹಿರಿಯರೊಬ್ಬರ ಬುದ್ಧಿಮಾತಿನ ಧ್ವನಿ ಆ ಪತ್ರದಲ್ಲಿದೆ.

ಈ ಚರಿತ್ರೆಯಲ್ಲಿ ಕರ್ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಸಂಬಂಧಗಳಿವೆ. ಪಕ್ಷಾಂತರ ನಿಷೇಧ ಮಸೂದೆಯ ಸಂಸದೀಯ ಸಮಿತಿಯ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಜೂನ್ 26ರಂದು ಇಲ್ಲಿಯೇ ಬಂಧಿಸಲಾಯಿತು. ‘ಸಂಸ್ಕಾರ’ ಚಲನಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು ಬರೋಡಾ ಡೈನಮೈಟ್ ಪ್ರಕರಣಕ್ಕೆ ಸಂಬಂಧಿಸಿ 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಸೆರೆಮನೆಯಲ್ಲಿಡಲಾಯಿತು. ಉಬ್ಬಸದಿಂದ ನರಳುತ್ತಿದ್ದ ಅವರು 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದು 20ರಂದು ತೀರಿಕೊಂಡರು. ಶಿವರಾಮ ಕಾರಂತರು ಪ್ರತಿಭಟನೆಯಾಗಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಸರ್ಕಾರ ಕೊಟ್ಟ ಗೌರವವೂ ದೇಶ ಕೊಟ್ಟ ಗೌರವವೂ ಒಂದೇ ಅಲ್ಲವೆಂಬ ವಿವೇಕ ಆ ನಡೆಯಲ್ಲಿದೆ.

ಬಂಧಿತರು ಹೂಡಿದ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಕರ್ನಾಟಕವೂ ಸೇರಿ ಒಂಬತ್ತು ಉಚ್ಚ ನ್ಯಾಯಾಲಯಗಳು ವಿಚಾರಣೆಗೆ ಅರ್ಹವೆಂದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಅದನ್ನು ತಳ್ಳಿಹಾಕಿದರು. ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಮುಂದಿನ ಜನವರಿಯಲ್ಲಿ ಅವರನ್ನು ಕಡೆಗಣಿಸಿ ಕಿರಿಯರಾದ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

1977ರ ಮಾರ್ಚ್ ಚುನಾವಣೆಯನ್ನು ‘ರಾಷ್ಟ್ರದ ತೀರ್ಪು’ ಎಂದು ಏಕವಚನದಲ್ಲಿ ಕರೆಯುವುದು ರೂಢಿಯಾಗಿದೆ. ಅಂಕಿಗಳು ಬೇರೆಯದನ್ನೇ ಹೇಳುತ್ತವೆ. ಉತ್ತರ ಪ್ರದೇಶದ 85 ಮತ್ತು ಬಿಹಾರದ 54 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ ಒಂದೂ ದೊರೆಯಲಿಲ್ಲ. ಕರ್ನಾಟಕದ 28ರಲ್ಲಿ 26ನ್ನೂ ಆಂಧ್ರಪ್ರದೇಶದ 42ರಲ್ಲಿ 41ನ್ನೂ ಅದು ಗೆದ್ದಿತು. ಬಲವಂತದ ಕುಟುಂಬಯೋಜನೆಯ ಬಿಸಿ ಉತ್ತರದಷ್ಟು ಇಲ್ಲಿ ತಟ್ಟಿರಲಿಲ್ಲ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆಯಿಂದ ಗೇಣಿದಾರರಲ್ಲಿ ಭರವಸೆ ಮೂಡಿತ್ತು. ಕರ್ನಾಟಕದ ಮತದಾರ ದೇಶಹಿತವನ್ನು ಅರಿಯದವನೆಂದಾಗಲಿ, ಬಿಹಾರದ ಮತದಾರ ಮಾತ್ರ ಅರಿತವನೆಂದಾಗಲಿ ಹೇಳಲಾಗದು. ಇಬ್ಬರೂ ತಮ್ಮ ನೆಲದಲ್ಲಿ ಕಂಡದ್ದನ್ನು ಹೇಳಿದರು. ರಾಷ್ಟ್ರವೆಂಬುದು ಅನಂತಧರ್ಮಾತ್ಮಕ ವಸ್ತುವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯಲಾರದು.

ಗೆದ್ದವರು ಈ ಪಾಠವನ್ನು ಓದಲಿಲ್ಲ. ಲೋಕಸಭೆಯಲ್ಲಿ ಸೋತ ಪಕ್ಷ ರಾಜ್ಯಗಳಲ್ಲಿಯೂ ಜನಾದೇಶ ಕಳೆದುಕೊಂಡಿದೆಯೆಂದು ವಾದಿಸಿ ಜನತಾ ಸರ್ಕಾರ 1977ರ ಏಪ್ರಿಲ್‌ನಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿತು. ಮರಳಿ ಅಧಿಕಾರಕ್ಕೆ ಬಂದ ಇಂದಿರಾ ಗಾಂಧಿಯವರು 1980ರ ಫೆಬ್ರವರಿಯಲ್ಲಿ ಅದೇ ವಾದವನ್ನು ಹಿಡಿದು ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿದರು. ನಡುವೆ, 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಮತದಾರರು ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಗಾಂಧಿಯವರನ್ನು ಲೋಕಸಭೆಗೆ ಕಳುಹಿಸಿದ್ದರು. ಮರುತಿಂಗಳೇ ಲೋಕಸಭೆಯ ಬಹುಮತ ಅವರನ್ನು ಉಚ್ಚಾಟಿಸಿತು. ಹಕ್ಕುಚ್ಯುತಿಯ ಆರೋಪಕ್ಕೆ ಆಧಾರವಿದ್ದಿರಬಹುದು. ಆದರೆ ಒಂದು ಕ್ಷೇತ್ರದ ಜನಮತ ಇನ್ನೊಂದು ಜನಮತದ ಹೆಸರಿನಲ್ಲಿ ರದ್ದಾಯಿತೆಂಬುದೂ ಅಷ್ಟೇ ನಿಜ.

ಆದರೂ ಆ ಅವಧಿ ಬರಿಗೈಯಲ್ಲಿ ಮುಗಿಯಲಿಲ್ಲ. 43ನೆಯ ತಿದ್ದುಪಡಿ ‘31 ಡಿ’ ವಿಧಿಯನ್ನು ತೆಗೆದುಹಾಕಿತು. ಅದರೊಂದಿಗೆ ‘ರಾಷ್ಟ್ರವಿರೋಧಿ’ ಎಂಬ ಪದದ ನಿರೂಪಣೆ ಸಂವಿಧಾನದಿಂದ ಹೊರಬಿತ್ತು. 44ನೆಯ ತಿದ್ದುಪಡಿ 352ನೆಯ ವಿಧಿಯಲ್ಲಿದ್ದ ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದಕ್ಕೆ ಬದಲಾಗಿ ‘ಸಶಸ್ತ್ರ ದಂಗೆ’ ಎಂಬ ಖಚಿತ ಪದವನ್ನಿಟ್ಟಿತು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ತುರ್ತುಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡುವಂತಿಲ್ಲವೆಂದಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ 1976ರ ಬಹುಮತದ ತೀರ್ಪನ್ನು ತಪ್ಪೆಂದು ಘೋಷಿಸಿತು. ಆ ಬಹುಮತದಲ್ಲಿದ್ದವರಲ್ಲಿ ಒಬ್ಬರು ವೈ.ವಿ. ಚಂದ್ರಚೂಡ್, 2017ರಲ್ಲಿ ಅದನ್ನು ತಪ್ಪೆಂದು ಬರೆದವರು ಅವರ ಪುತ್ರ ಡಿ.ವೈ. ಚಂದ್ರಚೂಡ್. ನಾಲ್ವರು ದೇಶಹಿತವೆಂದು ಭಾವಿಸಿ ಬರೆದದ್ದು ನಿಲ್ಲಲಿಲ್ಲ. ಒಬ್ಬರ ಭಿನ್ನಮತವೇ ದೇಶದ ಕಾನೂನಾಯಿತು.

ಭಿನ್ನಮತಕ್ಕೆ ಅವಕಾಶವೇಕಿರಬೇಕೆಂಬ ಪ್ರಶ್ನೆಗೆ ಈ ಪ್ರಕರಣದಲ್ಲಿ ಉತ್ತರವಿದೆ. ಭಿನ್ನಮತದವರು ಯಾವಾಗಲೂ ಸರಿಯಾಗಿರುತ್ತಾರೆ ಎಂಬುದರಿಂದಲ್ಲ. ಯಾರು ಸರಿ ಎಂಬುದು ಆ ಕ್ಷಣದಲ್ಲಿ ಯಾವ ಒಂದು ಪಕ್ಷಕ್ಕೂ ಪೂರ್ಣವಾಗಿ ಗೋಚರಿಸುವುದಿಲ್ಲ ಎಂಬುದರಿಂದ. ಪೂರ್ಣಜ್ಞಾನ ಕೇವಲಿಗೆ ಮಾತ್ರ ಸಾಧ್ಯವೆಂದು ಒಪ್ಪುವ ದರ್ಶನವು ಉಳಿದವರಿಗೆಲ್ಲ ನಯದ ಮರ್ಯಾದೆಯನ್ನು ವಿಧಿಸುತ್ತದೆ. ರಾಜಕೀಯ ಪಕ್ಷಗಳಿಗೂ ಅದಕ್ಕಿಂತ ಹೆಚ್ಚಿನ ಅಧಿಕಾರವಿಲ್ಲ. ತಮ್ಮ ಮಾರ್ಗವೂ ದೇಶಕ್ಕೆ ಹಿತವೆಂದು ಅವು ಎಷ್ಟು ಗಟ್ಟಿಯಾಗಿಯಾದರೂ ಹೇಳಲಿ. ತಮ್ಮ ಮಾರ್ಗವೇ ಹಿತವೆಂದು ಯಾವ ಬಣ್ಣದ ಪಕ್ಷ ಹೇಳಿದರೂ, ಆ ವಾಕ್ಯದ ‘ಏ’ಕಾರವನ್ನು ಗುರುತಿಸುವುದು ಓದುಬರಹ ಬಲ್ಲವರ ಮೊದಲ ಹೊಣೆ.